ಸೀರೆ ನೇಯುವ ಮನೆಯಲ್ಲಿ ನೈಟಿ

"ಮೇಡಂ, ನಮ್ಮ ಹುಡುಗಗ ಒಂದು ನೌಕರಿ ಕೊಡಸ್ರಿ."

ಬಂದವರು ಕುರ್ಚಿಯಲ್ಲಿ ಕೂಡುವ ಮೊದಲೇ ಕೇಳಿದ ಮಾತಿದು. ಐವತ್ತು ದಾಟಿದ ಮನುಷ್ಯ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಿಪಿ ಮಾತ್ರೆಯ ಕವರ್. ತೆಲಂಗಾಣದ ಗದ್ವಾಲಿನ ಸಣ್ಣದೊಂದು ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ನಾನು ಕೂಡುವ ಕೋಣೆ ಅದು. (ಕೋಣೆ ಅನ್ನುವುದು ನನ್ನ ಧಾರಾಳತನ. ಹಳೆಯ ಎಕ್ಸ್‌ರೇ ಮಷೀನನ್ನು ಗುಜರಿಗೆ ಹಾಕಿದ ಮೇಲೆ ಉಳಿದ ಜಾಗ.)

"ನೌಕರಿ ಕೊಡಸೋದು ನನ್ನ ಕೆಲಸ ಅಲ್ರೀ" ಅಂದೆ.

"ಹೊರಗ ಬೋರ್ಡ್ ಐತಲ್ರೀ, ಆಕ್ಯುಪೇಷನ್ ಅಂತ? ಆಕ್ಯುಪೇಷನ್ ಅಂದ್ರ ಉದ್ಯೋಗ ಅಲ್ಲೇನು? ನಮ್ಮ ಶ್ರೀನು ಡಿಗ್ರಿ ಮುಗಿಸಿ ಖಾಲಿ ಕುಂತಾನ."

ತಪ್ಪು ಅವರದಲ್ಲ. ಇಂಗ್ಲಿಷ್ ಸರಿಯಾಗಿಯೇ ಗೊತ್ತಿದೆ, ಅದೇ ತೊಂದರೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಲಕ್ವ ಹೊಡೆದವರು, ಅಪಘಾತದಲ್ಲಿ ಕೈಕಾಲು ಸೋತವರು, ಬೆಳವಣಿಗೆ ತಡವಾದ ಮಕ್ಕಳು, ಇವರೆಲ್ಲ ತಮ್ಮ ದಿನದ ಕೆಲಸ ತಾವೇ ಮಾಡಿಕೊಳ್ಳುವಂತೆ ಕಲಿಸುವುದು ನನ್ನ ಕಸುಬು. ಉಣ್ಣುವುದು, ಉಡುವುದು, ತೊಳೆಯುವುದು, ಬರೆಯುವುದು. ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಗಲ್ಲ ತುರಿಸಿಕೊಂಡರು.

"ಹಂಗಾದ್ರ ನಮ್ಮಕೀದೂ ಒಂದು ಕೈ ಹೋಗೈತ್ರೀ."

"ಎಲ್ಲಿದಾರ ಅವರು?"

"ಹೊರಗ ಆಟೋದಾಗ."

"ಒಳಗ ಕರ್ಕೊಂಡು ಬರೋದಲ್ಲೇನ್ರೀ?"

"ಬರಂಗಿಲ್ರೀ ಅಕಿ. ನೈಟಿ ಹಾಕ್ಯಾಳ."

ಅಂದರೆ, ಮಗನ ನೌಕರಿಗೆ ಒಳಗೆ ಬಂದವರು ಹೆಂಡತಿಯ ಕೈಯನ್ನು ಹೊರಗೆ ಬಿಟ್ಟು ಬಂದಿದ್ದರು!

ಆಟೋದ ಹತ್ತಿರ ನಾನೇ ಹೋದೆ. ಜೋಗುಳಮ್ಮ ಮುಖ ಆ ಕಡೆ ತಿರುಗಿಸಿ ಕೂತಿದ್ದರು. ನೈಟಿಯ ಮೇಲೆ ಒಂದು ಟವೆಲ್ಲು ಹೊದ್ದಿದ್ದರು. ಎಡಗೈ ತೊಡೆಯ ಮೇಲಿತ್ತು, ಬೇರೆ ಯಾರದೋ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಇಟ್ಟುಕೊಂಡಂತೆ. ಪಕ್ಕದಲ್ಲಿ ಅವರನ್ನು ಆತುಕೊಂಡು ಮಗಳು ಮಾಧವಿ. ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದ ಹುಡುಗಿ. ಅಮ್ಮನಿಗೆ ಲಕ್ವ ಹೊಡೆದ ಮೇಲೆ ಕಾಲೇಜಿಗೆ ಹೋಗಿಲ್ಲ.

ಮನೆಗೇ ಬರುತ್ತೇನೆ ಅಂದೆ. ಜೋಗುಳಮ್ಮ ಆಗ ಒಂದು ಸಲ ತಿರುಗಿ ನೋಡಿದರು.

ಅವರ ಮನೆಗೆ ಹೋದಾಗ ನಾಗಪ್ಪನವರ (ಅದು ಆ ಟವೆಲ್ಲಿನ ಯಜಮಾನರ ಹೆಸರು) ಮಗ್ಗದ ಮೇಲೆ ಅರಿಶಿಣ ಬಣ್ಣದ ಸೀರೆಯೊಂದು ಅರ್ಧಕ್ಕೆ ಬಂದಿತ್ತು. ಮೈ ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ, ಮೇಲೆ ಜರಿ. ಗದ್ವಾಲ್ ಸೀರೆ ಮಡಚಿದರೆ ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುತ್ತದೆ ಅಂತ ನಮ್ಮ ಕಡೆ ಮಾತಿದೆ. ಆ ಮಗ್ಗದ ಆಚೆ, ಮೂಲೆಯ ಮಂಚದ ಮೇಲೆ, ಬಣ್ಣ ಮಾಸಿದ ಹೂವಿನ ನೈಟಿಯಲ್ಲಿ ಜೋಗುಳಮ್ಮ. ಊರ ಹೆಂಗಸರಿಗೆಲ್ಲ ಸೀರೆ ಉಡಿಸುವ ಮನೆ. ಆ ಮನೆಯೊಡತಿಗೆ ನೈಟಿ.

"ಅದೇ ಆರಾಮ್ರೀ" ಅಂದ ಶ್ರೀನು, ಫೋನಿನಿಂದ ತಲೆ ಎತ್ತದೆ.

ಯಾರಿಗೆ ಆರಾಮು ಅಂತ ನಾನು ಕೇಳಲಿಲ್ಲ. ಮೊದಲ ದಿನವೇ ಜಗಳ ಬೇಡ ಅಂತ.

ಊಟದ ಹೊತ್ತಾಗಿತ್ತು. ಮಾಧವಿ ಒಂದು ಬಟ್ಟಲಲ್ಲಿ ಅನ್ನ ಸಾರು ಕಲಸಿ ತಂದು ಅಮ್ಮನಿಗೆ ಚಮಚದಿಂದ ತಿನ್ನಿಸತೊಡಗಿದಳು. ನಾನು ನೋಡುತ್ತ ಕೂತೆ. ಸೋತದ್ದು ಎಡಗೈ. ಬಲಗೈ ಕಲ್ಲಿನ ಹಾಗೆ ಗಟ್ಟಿ. ಆ ಕೈಯಿಂದಲೇ ಅವರು ಮೈಮೇಲೆ ಕೂತ ನೊಣ ಹೊಡೆಯುತ್ತಿದ್ದರು!

"ಬಲಗೈ ಚಲೋ ಐತಲ್ರೀ. ಅವರೇ ಉಣಬಹುದಲ್ಲ?"

ನಾಗಪ್ಪನವರು ನನ್ನನ್ನು ಕಟುಕಿಯನ್ನು ನೋಡುವ ಹಾಗೆ ನೋಡಿದರು. "ಪೇಷಂಟ್ ಅಲ್ಲೇನ್ರೀ?"

ನಮ್ಮ ಮನೆಗಳಲ್ಲಿ ಪೇಷಂಟ್ ಅನ್ನುವುದು ಒಂದು ಪದವಿ. ಅದು ಸಿಕ್ಕ ದಿನದಿಂದ ಮನುಷ್ಯ ಏನನ್ನೂ ಮಾಡಬಾರದು. ಕೈಗೆ ಕೈ ಕೊಡುತ್ತಾರೆ, ಬಾಯಿಗೆ ತುತ್ತು ಕೊಡುತ್ತಾರೆ, ಮಾತಿಗೆ ಮಾತನ್ನೂ ಕೊಡುತ್ತಾರೆ. "ಹೆಂಗಿದೀಯವ್ವಾ?" ಅಂತ ಬಂದವರು ಕೇಳಿದರೆ ಪಕ್ಕದವರು "ರಾತ್ರಿ ನಿದ್ದಿ ಇಲ್ರೀ" ಅಂತ ಉತ್ತರಿಸುತ್ತಾರೆ. ಪ್ರೀತಿಯಿಂದಲೇ. ನಾನು ಈ ಕೆಲಸದಲ್ಲಿ ಕಂಡ ಅತಿ ಗಟ್ಟಿ ಹಗ್ಗ ಅಂದರೆ ಈ ಪ್ರೀತಿ. ಇದರಲ್ಲಿ ಕಟ್ಟಿದವರನ್ನು ಬಿಚ್ಚುವುದು ಸುಲಭವಲ್ಲ.

ನಮ್ಮ ಕಸುಬಿನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. "ನಿಮಗ ಏನು ಮಾಡಾಕ ಬರಬೇಕ್ರೀ?"

"ರಾಟಿ ತಿರುವಂಗಾದ್ರ ಸಾಕ್ರೀ" ಅಂದರು ನಾಗಪ್ಪ. ಮಗ್ಗಕ್ಕೆ ಬೇಕಾದ ನೂಲು ಸುತ್ತುವ ಕೆಲಸ ಮೊದಲಿಂದಲೂ ಜೋಗುಳಮ್ಮನದು.

"ಅಡಿಗಿ" ಅಂದ ಶ್ರೀನು.

"ನಾ ಅವರನ್ನ ಕೇಳಿದೆ" ಅಂದೆ.

ಜೋಗುಳಮ್ಮನಿಗೇ ಗಾಬರಿ. ಎಷ್ಟೋ ದಿನಗಳಿಂದ ಯಾರೂ ಅವರನ್ನು ನೇರವಾಗಿ ಏನೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಗೋಡೆ ನೋಡಿಕೊಂಡು ಹೇಳಿದರು.

"ಸೀರಿ ಉಟ್ಕೋಬೇಕ್ರೀ. ನಾನೇ."

"ಯಾಕಮ್ಮಾ? ನೈಟಿ ಚಲೋ ಐತಲ್ಲ?" ಅಂತ ಶ್ರೀನು.

"ನಿನಗ ಚಲೋ ಕಂಡ್ರ ನೀ ಹಾಕ್ಕೋ."

ಮಾಧವಿ ಕಿಸಕ್ಕನೆ ನಕ್ಕಳು. ಆಮೇಲೆ ವಿಷಯ ಹೊರಬಂತು. ಮಕ್ತಲದಲ್ಲಿ ಜೋಗುಳಮ್ಮನ ಅಣ್ಣನ ಮಗಳ ಮದುವೆ. ತನ್ನ ಕೈಯಲ್ಲಿ ಆಡಿ ಬೆಳೆದ ಹುಡುಗಿ. ಸೋದರತ್ತೆ ಅಂದಮೇಲೆ ಮುಂದೆ ನಿಲ್ಲಬೇಕಾದವರು. ಆದರೆ ಗಂಡ ಮಗ ಇಬ್ಬರೇ ಹೋಗುವುದು, ಮಾಧವಿ ಅಮ್ಮನ ಜೊತೆ ಮನೆಯಲ್ಲಿರುವುದು ಅಂತ ಆಗಲೇ ನಿಶ್ಚಯವಾಗಿತ್ತು.

"ಪಾಪ, ಅಷ್ಟು ಮಂದಿ ಮುಂದ ಅಕೀಗ್ಯಾಕ ತ್ರಾಸ?" ಅಂದರು ನಾಗಪ್ಪ.

"ಮಂದಿ ಮುಂದ ನಾಚಿಕಿ ಇವರಿಗ್ರೀ. ತ್ರಾಸ ನನ್ನ ಹೆಸರಿಲೆ" ಅಂದರು ಜೋಗುಳಮ್ಮ.

ಲಕ್ವ ನಾಲಿಗೆಯ ತಂಟೆಗೆ ಹೋಗಿಲ್ಲ ಅಂತ ನನಗೆ ಖಾತ್ರಿಯಾಯಿತು.

ಒಂದೇ ಕೈಯಲ್ಲಿ ಸೀರೆ ಉಡುವುದು ಹೇಗೆ? ನೀವೂ ಒಮ್ಮೆ ಎಡಗೈ ಬೆನ್ನಿಗಿಟ್ಟುಕೊಂಡು ಪ್ರಯತ್ನಿಸಿ ನೋಡಿ. (ಗಂಡಸರು ಪಂಚೆಯಲ್ಲಿ ಪ್ರಯತ್ನಿಸಿ, ಬಾಗಿಲು ಹಾಕಿಕೊಂಡು.) ಲಂಗದ ಲಾಡಿ ಕಟ್ಟುವುದಾಗದು, ಅದಕ್ಕೆ ಇಲಾಸ್ಟಿಕ್ ಹಾಕಿಸಿದೆವು. ಕುಪ್ಪಸದ ಹುಕ್ಕು ಕಿತ್ತು ವೆಲ್ಕ್ರೋ ಅಂಟುಪಟ್ಟಿ ಹೊಲಿಸಿದೆವು. ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಇಷ್ಟು ಬೇಗ ಕಲಿತರು. ಗಂಟಲಿಗೆ ಸಿಕ್ಕಿಕೊಂಡದ್ದು ನೆರಿಗೆ.

ನಾನು ಬಹಳ ಜಾಣತನದಿಂದ ಒಂದು ಸಲಹೆ ಕೊಟ್ಟೆ. "ಈಗ ರೆಡಿಮೇಡ್ ಸೀರಿ ಬರ್ತಾವ್ರೀ. ಕತ್ತರಿಸಿ, ನೆರಿಗಿ ಹೊಲಿದುಬಿಟ್ರ ಲಂಗದ ಹಂಗ ಹಾಕ್ಕೋಬಹುದು."

ಮಗ್ಗದ ಸದ್ದು ನಿಂತಿತು. ನಾಗಪ್ಪನವರು ಎದ್ದು ಬಂದರು.

"ಏನಂದ್ರಿ? ಸೀರಿಗೆ ಕತ್ರಿ? ಮಗ್ಗದ ಮನ್ಯಾಗ?"

ಜೋಗುಳಮ್ಮನೂ ಕಣ್ಣು ಬಿಟ್ಟರು. ಲಕ್ವ ಹೊಡೆದ ಮೇಲೆ ಗಂಡಹೆಂಡತಿ ಮೊದಲ ಸಲ ಒಂದೇ ಪಕ್ಷ ಸೇರಿದ್ದು ಆ ದಿನ, ನನ್ನ ವಿರುದ್ಧ! ನಾನು ಸಲಹೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಬೇರೆ ದಾರಿ ಹುಡುಕಿದೆವು. ಸೀರೆಯ ಆ ಭಾಗವನ್ನು ಮಂಚದ ಮೇಲೆ ಹರಡಿ, ಸೋತ ಕೈಯನ್ನು ಅದರ ಮೇಲೆ ಭಾರಕ್ಕೆ ಇಟ್ಟು, ಬಲಗೈಯಿಂದ ಒಂದೊಂದೇ ನೆರಿಗೆ ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ ಹಾಕುವುದು. ಆಮೇಲೆ ಗೋಡೆಗೆ ಒರಗಿ ನಿಂತು ಸಿಕ್ಕಿಸಿಕೊಳ್ಳುವುದು. ಕೇಳಲು ಎಷ್ಟು ಸುಲಭ! ಕ್ಲಿಪ್ ಹಾರುತ್ತಿತ್ತು. ನೆರಿಗೆ ಜಾರುತ್ತಿತ್ತು. ಒಮ್ಮೆ ಜೋಗುಳಮ್ಮ ಪಕ್ಕಕ್ಕೆ ವಾಲಿ ಮಂಚದ ಮೇಲೆ ಕುಸಿದರು. ಒಮ್ಮೆ ಕ್ಲಿಪ್ ಎತ್ತಿ ನನ್ನತ್ತ ಬೀಸಿ ಒಗೆದರು. (ಗುರಿ ಚೆನ್ನಾಗಿತ್ತು. ಬಲಗೈ ಬಲದ ಬಗ್ಗೆ ನಾನು ಮೊದಲೇ ಹೇಳಿದ್ದೆ.)

"ನನ್ನಿಂದ ಆಗಂಗಿಲ್ರೀ. ಸಾಕು ಬಿಡ್ರಿ" ಅಂತ ಅತ್ತರು. ನಾನು ಕಾಯ್ದೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಆ ಕ್ಲಿಪ್ ಎಲ್ಲಿ ಬಿತ್ತು?" ಅಂದರು.

ಈ ನಡುವೆ ಬಂಧುಬಳಗದ ವೈದ್ಯಶಾಸ್ತ್ರವೂ ನಡೆದಿತ್ತು. ಒಬ್ಬರು ಪಾರಿವಾಳದ ರಕ್ತ ಹಚ್ಚಿರಿ ಅಂದರು. ಇನ್ನೊಬ್ಬರು ದಾಮರಗಿದ್ದದ ಹತ್ತಿರ ಯಾರೋ ಎಣ್ಣೆ ಕೊಡುತ್ತಾರಂತೆ ಅಂದರು. ಎಲ್ಲರೂ ಸೇರಿ ನನ್ನ ಬಗ್ಗೆ ಕೇಳಿದ್ದು, "ಈ ಮೇಡಂ ಕರೆಂಟೂ ಹಿಡಿಯಂಗಿಲ್ಲ, ಸೂಜೀನೂ ಹಾಕಂಗಿಲ್ಲ. ಬರೇ ಸೀರಿ ಉಡಾಕ ಹಚ್ತಾರ. ಇದ್ಯಾತರ ಡಾಕ್ಟ್ರಿಕಿ?"

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವನು ಶ್ರೀನು. ಒಂದು ದಿನ ನಾನು ಹೋದಾಗ ಅಮ್ಮ ಅಚ್ಚುಕಟ್ಟಾಗಿ ಸೀರೆ ಉಟ್ಟು ಕೂತಿದ್ದರು. ನೆರಿಗೆ ತಿದ್ದಿ ತೀಡಿದಂತಿತ್ತು. ನನಗೆ ಹಿಗ್ಗು. "ನೀವೇ ಉಟ್ರೇನ್ರೀ?"

"ಅಮ್ಮ ಭಾಳ ಒದ್ದಾಡಾಕತ್ತಿದ್ದಳ್ರೀ. ಯೂಟ್ಯೂಬ್ ನೋಡಿ ನಾನೇ ಉಡಿಸಿದೆ. ಎರಡು ನಿಮಿಷದಾಗ" ಅಂದ ಶ್ರೀನು. ಮುಖದಲ್ಲಿ ಒಳ್ಳೆಯ ಮಗನ ಕಳೆ.

ನಾನು ಎದುರಿಗೆ ಕೂತ ಮೇಲೆ, ಜೋಗುಳಮ್ಮ ಸೆರಗು ಕೆಳಗೆ ಬಿಟ್ಟರು. ನೆರಿಗೆ ಕಿತ್ತರು. ಇಡೀ ಸೀರೆ ಬಿಚ್ಚಿ ಮಂಚದ ಮೇಲೆ ಹರಡಿ, ಮೊದಲಿನಿಂದ ಶುರುಮಾಡಿದರು. ಶ್ರೀನು ಮುನಿಸಿಕೊಂಡು ಹೊರಗೆ ಹೋದ. ಪಾಪ, ಅವನ ಎರಡು ನಿಮಿಷ ಹಾಳಾಯಿತು.

ಮಾಧವಿ ಮಾತ್ರ ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಕ್ಲಿಪ್ ಜಾರಿದಾಗ ತಾನೂ ಕೈ ಮುಂದೆ ಮಾಡಿ, ನನ್ನ ಮುಖ ನೋಡಿ, ಹಿಂದಕ್ಕೆ ತೆಗೆದುಕೊಂಡಳು. ಅವತ್ತು ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದಾಗ ಕೇಳಿದಳು.

"ನಿಮ್ಮಂಗ ಆಗಬೇಕಂದ್ರ ಏನು ಓದಬೇಕ್ರೀ ಮೇಡಂ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳುವುದಿಲ್ಲ. "ನಿಮಗ ಎಂಬಿಬಿಎಸ್ ಸಿಗಲಿಲ್ಲೇನ್ರೀ?" ಅಂತ ಕೇಳುತ್ತಾರೆ. ನನಗೆ ಸಿಕ್ಕಿರಲಿಲ್ಲ, ನಿಜ. ರಾಯಚೂರಿನ ನಮ್ಮ ಸೋದರಮಾವ ಆಗ "ಡೆಂಟಲ್ಲೂ ಸಿಗಲಿಲ್ಲೇನು? ಫಿಸಿಯೋನೂ ಸಿಗಲಿಲ್ಲೇನು?" ಅಂತ ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದು, ಕೊನೆಗೆ ನನ್ನ ಕೋರ್ಸಿನ ಹೆಸರು ಕೇಳಿ ಮೌನಾಚರಣೆ ಮಾಡಿದ್ದರು. ನಾರಾಯಣಪೇಟೆಯ ಗುಡಿಯಲ್ಲಿ ಅರ್ಚಕರಾಗಿದ್ದ ಅಪ್ಪ, ಭಕ್ತರು ಕೇಳಿದರೆ "ಮಗಳು ಡಾಕ್ಟರ್ ಇದ್ದಂಗ" ಅನ್ನುತ್ತಿದ್ದರು. ತೀರ್ಥ ಕೊಡುವ ಕೈಯಲ್ಲಿ ಸುಳ್ಳು ಹೇಳಬಾರದಲ್ಲ, ಅದಕ್ಕೆ ಆ "ಇದ್ದಂಗ".

ಮಾಧವಿಗೆ ಹೇಳಿದೆ. ಇಂಟರಿನಲ್ಲಿ ಜೀವಶಾಸ್ತ್ರ ಇರುವ ಬೈಪಿಸಿ ಬೇಕು, ಅದು ನಿನ್ನ ಹತ್ತಿರ ಇದೆ, ಮೊದಲು ಮುಗಿಸು. ಆಮೇಲೆ ನಾಲ್ಕು ವರ್ಷದ ಡಿಗ್ರಿ, ಅದರ ಮೇಲೆ ಇಂಟರ್ನ್‌ಶಿಪ್. ಕಾಲೇಜುಗಳು ಕಡಿಮೆ, ಊರು ಬಿಡಬೇಕಾಗುತ್ತದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ್ದು ನೋಡಿಕೋ. ಕಾಲೇಜಿಗೆ ಮಾನ್ಯತೆ ಇದೆಯೋ ಇಲ್ಲವೋ ವಿಚಾರಿಸದೆ ಫೀಸು ಕಟ್ಟಬೇಡ. ಹೆಣ ಕೊಯ್ದು ನರ, ಸ್ನಾಯು ಕಲಿಯುತ್ತೀ. ಮನಸ್ಸಿನ ಶಾಸ್ತ್ರ ಓದುತ್ತೀ. ಅಷ್ಟೆಲ್ಲ ಓದಿ, ಯಾರದೋ ಮನೆಯ ಬಚ್ಚಲಲ್ಲಿ ನಿಂತು, ಚೊಂಬು ಎಲ್ಲಿಟ್ಟರೆ ಅವರ ಕೈಗೆ ಸಿಗುತ್ತದೆ ಅಂತ ಯೋಚಿಸುತ್ತೀ.

"ಅಷ್ಟೇನಾ ಮೇಡಂ?"

"ಇನ್ನೊಂದೈತಿ. ಎದುರಿಗಿನವರು ಒದ್ದಾಡಾಕತ್ತಾಗ ಕೈ ಕಟ್ಟಿಕೊಂಡು ಕೂಡಾಕ ಬರಬೇಕು. ಅದು ಯಾವ ಕಾಲೇಜಿನಾಗೂ ಪೂರ್ತಿ ಕಲಿಸಂಗಿಲ್ಲ."

ಮಾಧವಿ ಮನೆಯಲ್ಲಿ ಹೇಳಿದಳಂತೆ. ನಾಗಪ್ಪನವರು ಮುಂದಿನ ಸಲ ನನ್ನನ್ನು ಕೇಳಿದ್ದು ಒಂದೇ. "ಓದಿದ ಮ್ಯಾಲ ಹೆಸರಿನ ಮುಂದ ಡಾಕ್ಟರ್ ಅಂತ ಹಾಕ್ಕೋಬಹುದೇನ್ರೀ?"

ಮದುವೆಯ ದಿನ ನನಗೂ ಕರೆಯಿತ್ತು. ತಾನೇ ಸೀರೆ ಉಟ್ಟುಕೊಂಡು ಬರುತ್ತೇನೆ ಅಂತ ಜೋಗುಳಮ್ಮ ಹಟ ಹಿಡಿದಿದ್ದರು. ಬೆಳಿಗ್ಗೆ ನಾರಾಯಣಪೇಟೆಯಿಂದ ಮಕ್ತಲಕ್ಕೆ ಬಂದು ಫಂಕ್ಷನ್ ಹಾಲಿನ ಬಾಗಿಲಲ್ಲಿ ನಿಂತೆ. ಪರೀಕ್ಷೆ ಅವರದು, ಜ್ವರ ನನಗೆ. ಗದ್ವಾಲಿನಿಂದ ಜೂರಾಲ ಅಣೆಕಟ್ಟು ದಾಟಿ ಬರಬೇಕು. ಅಲ್ಲಿ ಉಟ್ಟ ಸೀರೆ ಇಲ್ಲಿತನಕ ನಿಲ್ಲಬೇಕು.

ಜೀಪು ಬಂತು. ಮೊದಲು ಮಾಧವಿ ಇಳಿದಳು. ಆಮೇಲೆ ಕೋಲು. ಆಮೇಲೆ ಜೋಗುಳಮ್ಮ.

ಹಸಿರು ಮೈ, ಕೆಂಪು ಅಂಚಿನ ಗದ್ವಾಲ್ ಸೀರೆ. ನೆರಿಗೆ ಒಂದು ಪಕ್ಕಕ್ಕೆ ಓಡಿತ್ತು. ಅಂಚು ಒಂದು ಕಡೆ ಹಿಮ್ಮಡಿ ಮುಟ್ಟಿದರೆ ಇನ್ನೊಂದು ಕಡೆ ಕಾಲ್ಗೆಜ್ಜೆಗಿಂತ ಮೇಲೆ. ಸೊಂಟದಲ್ಲಿ ನೀಲಿ ಕ್ಲಿಪ್ಪು ಇಣುಕುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಚೆಂದ ಉಟ್ಟ ಸೀರೆಯನ್ನು ನಾನು ನೋಡಿಲ್ಲ. ನಾಗಪ್ಪನವರು ಬಗ್ಗಿ ನೆರಿಗೆ ಸರಿಮಾಡಲು ಹೋದರು. ಫಟ್ ಅಂತ ಅವರ ಕೈಮೇಲೆ ಒಂದು ಬಿತ್ತು.

"ಮುಟ್ಟಬ್ಯಾಡ್ರಿ. ಸೂರ್ಯ ಹುಟ್ಟೋಕಿಂತ ಮೊದ್ಲ ಎದ್ದು ಉಟ್ಟೀನಿ."

ಒಳಗೆ ಹೋದ ತಕ್ಷಣ ಮದುಮಗಳು ಬಂದು ಸೋದರತ್ತೆಯನ್ನು ತಬ್ಬಿಕೊಂಡಳು. ಜೋಗುಳಮ್ಮ ಒಂದೇ ಕೈಯಲ್ಲಿ ಅವಳ ಹಣೆಗೆ ಕುಂಕುಮ ಹಚ್ಚಿದರು, ಮುಂದಿನ ಸಾಲಿನಲ್ಲಿ ಕೂತರು, ಬಂದವರೆಲ್ಲರ ಸೀರೆಯ ಅಂಚು ನೋಡಿ ಇದು ನಮ್ಮೂರದು, ಇದು ಪವರ್‌ಲೂಮು ಅಂತ ಗಟ್ಟಿಯಾಗಿ ತೀರ್ಪು ಕೊಟ್ಟರು. ಪವರ್‌ಲೂಮಿನವರು ಜಾಗ ಬದಲಿಸಿದರು.

ಇನ್ನು ಶ್ರೇಯಸ್ಸಿನ ಹಂಚಿಕೆ. ಬಂಧುಗಳೆಲ್ಲ ನಾಗಪ್ಪನವರ ಕೈ ಹಿಡಿದು, "ಎಷ್ಟು ಚಲೋ ನೋಡ್ಕೊಂಡಿದೀರಿ ಹೆಂಡತೀನ್ನ! ಈ ಕಾಲದಾಗ ಯಾರು ನೋಡ್ತಾರ?" ಅಂದರು. ನಾಗಪ್ಪನವರು ಬಹಳ ವಿನಯದಿಂದ ಎಲ್ಲವನ್ನೂ ಸ್ವೀಕರಿಸಿದರು. ಉಳಿದದ್ದು ದಾಮರಗಿದ್ದದ ಎಣ್ಣೆಗೆ ಹೋಯಿತು. ನನಗೆ? ಗಂಡಿನ ಕಡೆಯ ಹೆಂಗಸೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ನೀವಾ ಅಂತಲ್ರೀ ಸೀರಿ ಉಡಸೋರು? ರಿಸೆಪ್ಷನ್ನಿಗೆ ಹುಡುಗೀಗೂ ಉಡಸ್ತೀರೇನು? ಪಾರ್ಲರ್‌ನಾಕಿ ಇನ್ನೂ ಬಂದಿಲ್ಲ."

ನಾಲ್ಕೂವರೆ ವರ್ಷದ ಓದಿಗೆ ಕೊನೆಗೂ ಡಿಮ್ಯಾಂಡ್ ಬಂತು.

ಕಳೆದ ವಾರ ಗದ್ವಾಲಿನ ಆ ಮನೆಗೆ ಹೋಗಿದ್ದೆ. ಮಾಧವಿ ಇರಲಿಲ್ಲ. ಕಾಲೇಜಿಗೆ ಹೋಗಿದ್ದಳು. ಅಮ್ಮ ತಾನೇ ಉಣ್ಣುತ್ತಾಳೆ, ತಾನೇ ಉಡುತ್ತಾಳೆ ಅಂದಮೇಲೆ ಹುಡುಗಿಯನ್ನು ಮನೆಯಲ್ಲಿ ಕೂಡಿಸಿಕೊಳ್ಳಲು ಯಾರ ಹತ್ತಿರವೂ ಕಾರಣ ಉಳಿದಿರಲಿಲ್ಲ. ಜೋಗುಳಮ್ಮ ಮಂಚದ ಮೇಲೆ, ಒಂದು ಹಳೆಯ ಸೀರೆಯಲ್ಲಿ, ಅವತ್ತು ಮದುವೆಯಲ್ಲಿ ಯಾರು ಯಾರ ಜೊತೆ ಮಾತಾಡಲಿಲ್ಲ ಅನ್ನುವ ವರದಿ ಒಪ್ಪಿಸಿದರು.

ನಾಗಪ್ಪನವರು ಖುಷಿಯಲ್ಲಿದ್ದರು. "ಇನ್ನ ಫಿಕರ್ ಇಲ್ರೀ ಮೇಡಂ. ಹುಷಾರಾಗ್ಯಾಳ. ಸೋಮವಾರದಿಂದ ಅಡಿಗಿ, ರಾಟಿ, ಎಲ್ಲಾ ಅಕೀನಾ ನೋಡ್ಕೋತಾಳ."

"ಯಾರಂದ್ರು?" ಅಂದರು ಜೋಗುಳಮ್ಮ.

ಯಾರೂ ಅಂದಿರಲಿಲ್ಲ. ನಾಗಪ್ಪನವರು ಮಾತು ತಿರುಗಿಸಿದರು. "ಶ್ರೀನು, ಮೇಡಂಗ ಚಾ ಮಾಡೋ ಜರಾ."

ಶ್ರೀನು ಅಡುಗೆಮನೆಗೆ ಹೋದ. ಡಬ್ಬಿಗಳ ಸದ್ದಾಯಿತು. ಬಹಳ ಹೊತ್ತಾಯಿತು. ನಾಗಪ್ಪನವರೂ ಸಹಾಯಕ್ಕೆ ಎದ್ದು ಹೋದರು. ಸದ್ದು ಇಮ್ಮಡಿಯಾಯಿತು, ಏನೋ ಕೆಳಗೆ ಬಿತ್ತು. ಆಮೇಲೆ ಶ್ರೀನು ಬಾಗಿಲಲ್ಲಿ ತಲೆ ಹಾಕಿದ.

"ಅಮ್ಮಾ, ಚಾ ಪುಡಿ ಎಲ್ಲೈತಿ?"

"ಹುಡುಕ್ರಿ" ಅಂದರು ಜೋಗುಳಮ್ಮ. ಏಳಲಿಲ್ಲ. ಕೈ ಕಟ್ಟಿಕೊಂಡಂತೆ ಕೂತು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಚಹಾ ಕುಡಿಯದೆಯೇ ನನ್ನ ಬಸ್ಸಿನ ಹೊತ್ತಾಯಿತು. ದಾರಿಯುದ್ದಕ್ಕೂ ಯೋಚಿಸಿದೆ. ಗಟ್ಟಿಮುಟ್ಟಾದ ನಾಲ್ಕು ಕೈ, ಒಂದು ಲೋಟ ಚಹಾ ಆಗಲಿಲ್ಲ. ಈ ಲಕ್ವಕ್ಕೆ ಯಾರನ್ನು ಕರೆಸುವುದು?